ಮಾಮಾ ಗೆದ್ರು, ಅಕ್ಕನ ಸೂಟಿ ಹೋಯ್ತು

1/8

ಮೊದಲೇ ಹೇಳಿಬಿಡ್ತೀನಿ, ನಾನು ಕ್ಯಾಸಿನೊ ಒಳಗೆ ಕಾಲಿಟ್ಟಿಲ್ಲ. ನನಗೆ 20. ಗೋವಾದ ಕ್ಯಾಸಿನೊಗೆ 21 ತುಂಬಿರಬೇಕು, ಆಧಾರ್ ನೋಡಿಯೇ ಬಿಡೋದು. ಹಾಗಾಗಿ ಈ ಸರಣಿಯಲ್ಲಿ ಚಿಪ್ಸ್ ಹಿಡ್ಕೊಂಡ ಸೆಲ್ಫಿ ಹುಡುಕಬೇಡಿ. ಇರೋದೆಲ್ಲ ನದಿ ದಂಡೆ ಮೇಲಿಂದ ತೆಗೆದ ಫೋಟೋ.

ಹೋಗಿದ್ದು 2025ರ ನವೆಂಬರ್‌ನಲ್ಲಿ, ಮೂರು ಜನ. ನಮ್ಮ ದೊಡ್ಡವ್ವನ ಮಗಳು ಅಂದರೆ ನನ್ನ ಅಕ್ಕ, ಅವಳ ಗಂಡ ಮಾಮಾ, ಮತ್ತೆ ನಾನು. ಅವರ ಮದುವೆಯಾಗಿ ಎರಡು ವರ್ಷ. ಅಕ್ಕ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಮಾಮಾ ಹುಬ್ಬಳ್ಳಿಯ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತಾರೆ, ಜೊತೆಗೆ ಪೋಕರ್ ಆಡ್ತಾರೆ. ಆಡ್ತಾರೆ ಅಂದ್ರೆ ಟೈಂಪಾಸ್‌ಗಲ್ಲ. ಪುಸ್ತಕ ಓದ್ತಾರೆ, ಆಡಿದ ಪ್ರತಿ ದಿನದ ಲೆಕ್ಕ ಎಕ್ಸೆಲ್‌ನಲ್ಲಿ ಬರೀತಾರೆ.

ಮದುವೆಯಾದ ಮೇಲೆ ಇಬ್ಬರೂ ಸರಿಯಾಗಿ ಎಲ್ಲೂ ಹೋಗಿರಲಿಲ್ಲ. ಅಕ್ಕ ರಜೆ ಕೂಡಿಟ್ಟು ಮೂರು ದಿನ ಮಾಡ್ಕೊಂಡಳು. ಊರು ಆರಿಸಿದ್ದು ಮಾಮಾ: ಪಣಜಿ. ನನಗೆ ಫೋನ್ ಮಾಡಿ ಅಕ್ಕ ಹೇಳಿದ್ದಿಷ್ಟು: "ನೀನೂ ಬಾರವಾ. ಅವ್ರು ಆಡಾಕ ಹೋದ್ರ ನಾ ಒಬ್ಬಾಕೀನ ರೂಮಿನ್ಯಾಗ ಏನ್ ಮಾಡ್ಲಿ?"

ಗಂಡನ ಜೊತೆ ಸೂಟಿಗೆ ಹೋಗೋಕೆ ಮುಂಚೇನೇ ಇನ್ನೊಬ್ಬರನ್ನ ಜೊತೆಗೆ ಕರೀಬೇಕು ಅಂತ ಅವಳಿಗೆ ಗೊತ್ತಿತ್ತು. ಈ ಮಾತು ನೆನಪಿಟ್ಕೊಳ್ಳಿ.

(ಅಕ್ಕ, ಮಾಮಾ ಇಬ್ಬರಿಗೂ ಓದಿಸಿಯೇ ಹಾಕ್ತಿದೀನಿ. ಮಾಮಾ ಒಂದು ಲೆಕ್ಕ ತಿದ್ದಿದಾರೆ ಕೂಡ.)

2/8

ಈ ಫೋಟೋದಲ್ಲಿ ಬಣ್ಣ ಬಣ್ಣದ ದೀಪ ಹಾಕ್ಕೊಂಡು ನಿಂತಿರೋ ಹಡಗುಗಳು ಕಾಣ್ತಿವೆಯಲ್ಲ, ಅವೇ ಕ್ಯಾಸಿನೊಗಳು. ನಿಂತಿರೋ ನೀರು ಮಾಂಡೋವಿ ನದಿಯದು.

ಮಾಂಡೋವಿ ಅಂದ್ರೆ ಯಾವುದು ಗೊತ್ತಾ? ನಮ್ಮ ಮಹದಾಯಿ. ಖಾನಾಪುರ ತಾಲೂಕಿನ ಕಾಡಲ್ಲಿ ಹುಟ್ಟಿ ಗೋವಾಕ್ಕೆ ಇಳಿಯೋ ಅದೇ ನದಿ. ನಾವು ಹುಬ್ಬಳ್ಳಿ-ಧಾರವಾಡದ ಹುಡುಗರು ಮಹದಾಯಿ ಅಂದ ತಕ್ಷಣ ಬಂದ್, ರಸ್ತೆ ಮೇಲೆ ಟೈರು, ಶಾಲೆಗೆ ರಜೆ ಅಂತಲೇ ಬೆಳೆದವರು. ಕೆಳಗೆ ಪಣಜಿಗೆ ಬಂದರೆ ಅದೇ ನೀರಿನ ಮೇಲೆ ರಾತ್ರಿಯಿಡೀ ಚಕ್ರ ತಿರುಗ್ತಿದೆ. ನಾನಂತೂ ಸ್ವಲ್ಪ ಹೊತ್ತು ಸುಮ್ಮನೆ ನೋಡ್ತಾ ನಿಂತೆ.

ಹಡಗಿನಲ್ಲೇ ಯಾಕೆ? ಗೋವಾದ ಜೂಜಿನ ಕಾನೂನು 1976ರದ್ದು. 1990ರ ದಶಕದಲ್ಲಿ ಅದಕ್ಕೆ ತಿದ್ದುಪಡಿ ತಂದು, ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರದ ಆಟಕ್ಕೆ, ನೀರಿನ ಮೇಲಿನ ಹಡಗಿನಲ್ಲಿ ಟೇಬಲ್ ಆಟಕ್ಕೆ ಅವಕಾಶ ಕೊಟ್ಟರು. ಅದಕ್ಕೇ ಕಾನೂನಿನ ಪ್ರಕಾರ ಇಸ್ಪೀಟು ಹಂಚೋ ನಿಜವಾದ ಟೇಬಲ್ ಬೇಕಂದ್ರೆ ಹಡಗು ಹತ್ತಬೇಕು.

ಹತ್ತೋ ರೀತಿ ಹೀಗೆ. ದಂಡೆ ಮೇಲಿನ ಕೌಂಟರ್‌ನಲ್ಲಿ ಪ್ಯಾಕೇಜ್ ತಗೊಳ್ಳೋದು. ವಾರದ ದಿನ ಒಂದು ರೇಟು, ಶನಿವಾರ-ಭಾನುವಾರ ಇನ್ನೊಂದು. ಅದರಲ್ಲೇ ಊಟ, ಕುಡಿಯೋದು, ಸ್ಟೇಜ್ ಶೋ, ಜೊತೆಗೆ ಒಂದಿಷ್ಟು ಚಿಪ್ಸ್. ಆಮೇಲೆ ಸಣ್ಣ ಬೋಟಿನಲ್ಲಿ ಹಡಗಿಗೆ ಬಿಡ್ತಾರೆ. ಬಿಟ್ಟಿ ಚಿಪ್ಸ್ ಅಂತ ಖುಷಿಪಡಬೇಡಿ. ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಕೊಡೋದು "ಒನ್ ಟೈಮ್ ಪ್ಲೇ" ಚಿಪ್ಸ್. ಅವನ್ನ ಟೇಬಲ್ ಮೇಲೆ ಇಟ್ಟು ಆಡಬಹುದು, ಕೌಂಟರಿಗೆ ಕೊಟ್ಟು ದುಡ್ಡು ಮಾಡ್ಕೊಳ್ಳೋಕೆ ಬರಲ್ಲ.

ಕೆಲವು ಹಡಗಲ್ಲಿ ಮಕ್ಕಳಿಗೆ ಆಟದ ಕೋಣೆ ಕೂಡ ಇದೆ. ಅಪ್ಪ-ಅಮ್ಮ ಆಡೋಕೆ ಮಕ್ಕಳು ಅಡ್ಡಿ ಆಗಬಾರದಲ್ಲ.

3/8

"ಇಷ್ಟೆಲ್ಲ ಬಿಟ್ಟು ಗೋವಾನೇ ಯಾಕ್ರೀ ಮಾಮಾ?" ಅಂತ ಕಾರಿನಲ್ಲೇ ಕೇಳಿದ್ದೆ.

ಉತ್ತರ ಆಗಸ್ಟ್‌ನಲ್ಲಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಪಾಸ್ ಮಾಡಿತು. ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡೋ ಆಟ ಯಾವುದೇ ಇರಲಿ, ಅದೃಷ್ಟದ್ದಾಗಲಿ ಕೌಶಲದ್ದಾಗಲಿ, ಎಲ್ಲಾ ಬಂದ್. ನಮ್ಮ ಕ್ಲಾಸಿನ ಹಿಂದಿನ ಬೆಂಚಿನ ರಮ್ಮಿ ಆ್ಯಪ್‌ಗಳೂ ಅದೇ ವಾರ ನಿಂತವು, ನೆನಪಿದೆಯಲ್ಲ? ಮಾಮಾನ ಪೋಕರ್ ಆ್ಯಪ್ ಕೂಡ ನಿಂತಿತು. ಅಲ್ಲಿಯವರೆಗೆ ರಾತ್ರಿ ಊಟ ಆದಮೇಲೆ ಹಾಲ್‌ನಲ್ಲಿ ಕೂತು ಆಡ್ತಿದ್ದರು, ಅಕ್ಕ ಪಕ್ಕದಲ್ಲೇ ಸೀರಿಯಲ್ ನೋಡ್ತಿದ್ದಳು. ಕಾನೂನು ಬಂದಮೇಲೆ ಆಟ ಮನೆಯಿಂದ ಹೊರಗೆ ಹೋಯ್ತು, ಅದರ ಹಿಂದೆ ಇವರ ಸೂಟಿಯೂ ಹೋಯ್ತು.

ಮಾಮಾನ ಬಗ್ಗೆ ತಪ್ಪು ತಿಳಿಬೇಡಿ. ಅವರು ರೂಲೆಟ್ ಮುಟ್ಟಲ್ಲ. "ನಾ ಕ್ಯಾಸಿನೊ ಜೋಡಿ ಆಡಂಗಿಲ್ಲ, ಮಂದಿ ಜೋಡಿ ಆಡ್ತೀನಿ" ಅಂತಾರೆ. ಇದು ನಿಜಾನೇ.

ರೂಲೆಟ್ ಲೆಕ್ಕ ನೋಡಿ. ಒಂದೇ ಸೊನ್ನೆ ಇರೋ ಚಕ್ರದಲ್ಲಿ 37 ಮನೆ. ಪ್ರತಿ ಮನೆ ಮೇಲೂ 100 ರೂಪಾಯಿ ಇಟ್ಟರೆ 3,700. ಯಾವ ನಂಬರ್ ಬಂದರೂ ನಿಮಗೆ ಸಿಗೋದು ಒಂದಕ್ಕೆ 35, ಅಂದರೆ 3,500, ಜೊತೆಗೆ ಆ ಮನೆಯ ನಿಮ್ಮದೇ 100. ಒಟ್ಟು 3,600. ಎಲ್ಲಾ ನಂಬರ್ ನಿಮ್ಮದೇ ಆದರೂ 100 ರೂಪಾಯಿ ಹೋಯ್ತು. ಆ 2.7% ಕ್ಯಾಸಿನೊದ ಸಂಬಳ. ನಮ್ಮ ಜಾತ್ರೆಗಳಲ್ಲಿ ಪೊಲೀಸರು ಬಂದು ಹಿಡಿಯೋ ಅಂದರ್-ಬಾಹರ್‌ಗೂ ಆ ಹಡಗಿನಲ್ಲಿ ಹಸಿರು ಬಟ್ಟೆ ಹಾಸಿದ ಟೇಬಲ್ ಇದೆ.

ಪೋಕರ್ ಹಾಗಲ್ಲ. ಅಲ್ಲಿ ನಿಮ್ಮ ಎದುರಾಳಿ ಟೇಬಲ್ ಸುತ್ತ ಕೂತ ಜನ. ಕ್ಯಾಸಿನೊ ಪ್ರತಿ ಆಟದ ಮೊತ್ತದಲ್ಲಿ ಒಂದು ಪಾಲು ಕತ್ತರಿಸ್ಕೊಳ್ಳುತ್ತೆ, ಅದಕ್ಕೆ ರೇಕ್ ಅಂತಾರೆ. ನೀವು ಉಳಿದವರಿಗಿಂತ ಚೆನ್ನಾಗಿ ಆಡಿ, ಆ ರೇಕನ್ನೂ ಮೀರಿಸಿದರೆ ಗೆಲ್ಲಬಹುದು. ಗೆಲ್ಲೋರು ನಿಜವಾಗಲೂ ಇದಾರೆ, ಮಾಮಾ ಅವರಲ್ಲೊಬ್ಬರು. ಅಕ್ಕನ ಕಷ್ಟ ಇರೋದೂ ಅದರಲ್ಲೇ.

4/8

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪಣಜಿ ಮುಟ್ಟಿದ್ವಿ. ಸಂಜೆ ಮೂವರೂ ಮಿರಾಮಾರ್ ಬೀಚಿಗೆ ಹೋಗಿ ಬಂದ್ವಿ. ರಾತ್ರಿ ಎಂಟೂವರೆಗೆ ಮಾಮಾ ಹೊರಟರು. "ಮೂರು ತಾಸಿನ್ಯಾಗ ಬಂದೆ."

ಬಂದಿದ್ದು ಬೆಳಗಿನ ಐದೂವರೆಗೆ.

ನಡುವೆ ಮೆಸೇಜ್ ಬರ್ತಿತ್ತು. ಹನ್ನೊಂದಕ್ಕೆ "ಟೇಬಲ್ ಚಲೋ ಐತಿ, ಇನ್ನೊಂದು ತಾಸು." ಒಂದೂವರೆಗೆ "ನೀವು ಮಲ್ಕೋರಿ." ಅಕ್ಕ ಮಲಗಲಿಲ್ಲ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ದಳು. ಅಲ್ಲಿಂದ ಹಡಗಿನ ದೀಪದ ಒಂದು ತುಂಡು ಕಾಣ್ತಿತ್ತು. ಸಿಟ್ಟು ಬಂದಿದೆಯಾ ಅಂತ ಕೇಳಿದೆ. "ಸಿಟ್ಟಲ್ಲ, ಯಾವಾಗ ಬರ್ತಾರಂತ ಗೊತ್ತಿಲ್ಲಲ್ಲ, ಅದಕ" ಅಂದಳು.

ಬೆಳಗ್ಗೆ ತಿಂಡಿಗೆ ನಾವಿಬ್ಬರೇ ಇಳಿದ್ವಿ. ಟೇಬಲ್ ಒರೆಸ್ತಿದ್ದ ಹೆಂಗಸು ನಮ್ಮ ಮಾತು ಕೇಳಿ ತಿರುಗಿ ನೋಡಿದರು. ಕೊಪ್ಪಳದ ಕಡೆಯವರು. ಗೋವಾದ ಹೋಟೆಲ್, ಕಟ್ಟಡ ಕೆಲಸ, ಮೀನು ಮಾರ್ಕೆಟ್, ಎಲ್ಲಿ ಹೋದರೂ ನಮ್ಮ ಕಡೆಯ ಕನ್ನಡ ಸಿಗ್ತದೆ. ಅವರು ಅಕ್ಕನ್ನ ಕೇಳಿದ ಮೊದಲ ಪ್ರಶ್ನೆ: "ಯಜಮಾನ್ರು ಹಡಗಿಗೆ ಹೋಗಿದ್ರೇನ್ರಿ?"

ಹೇಗೆ ಗೊತ್ತಾಯ್ತು ಅಂದೆ. "ಶನಿವಾರ, ರವಿವಾರ ಮುಂಜಾನೆ ನಾಷ್ಟಾಕ್ಕ ಹೆಣ್ಮಕ್ಳು ಅಷ್ಟ ಬರ್ತಾರ. ಗಂಡಸ್ರು ಮಲ್ಕೊಂಡಿರ್ತಾರ" ಅಂದರು. ಅಕ್ಕನಿಗೆ ನಗು ಬಂತು, ಆದರೆ ಆಮೇಲೆ ಅವಳು ಇಡ್ಲಿ ಪೂರ್ತಿ ತಿನ್ನಲಿಲ್ಲ.

ಅವತ್ತು ಬೆಳಗ್ಗೆ ನಾವಿಬ್ಬರೂ ಫೊಂತೇನ್ಹಾಸ್ ಓಣಿಗಳಲ್ಲಿ ತಿರುಗಿದ್ವಿ. ಹಳದಿ, ನೀಲಿ, ಕೆಂಪು ಗೋಡೆಯ ಪೋರ್ಚುಗೀಸ್ ಕಾಲದ ಮನೆಗಳು. ಆಮೇಲೆ ಅಂಕುಡೊಂಕು ಮೆಟ್ಟಿಲಿನ ಬಿಳಿ ಚರ್ಚು. ಬೇತಿಂ ಕಡೆಯ ಫೆರಿ ಹತ್ತಿ ನದಿ ದಾಟಿ ಸುಮ್ಮನೆ ವಾಪಸ್ ಬಂದ್ವಿ. ಹಗಲಿನಲ್ಲಿ ಆ ಹಡಗುಗಳು ಬಣ್ಣ ಬಳಿದ ತಗಡಿನ ಡಬ್ಬಿ ತರ ಕಾಣ್ತವೆ. ನಾನು ಅಕ್ಕನ ಫೋಟೋ ತೆಗೆದೆ. "ಇದನ್ನ ಅವರಿಗೆ ಕಳಸಬ್ಯಾಡ, ಎದ್ದಮ್ಯಾಲೆ ನಾನ ತೋರಸ್ತೀನಿ" ಅಂದಳು.

5/8

ಸ್ವಲ್ಪ ಲೆಕ್ಕ. ಬಿಕಾಂ ಹುಡುಗಿ ಅಲ್ವಾ, ಬಿಡೋಕಾಗಲ್ಲ.

ಮೂರು ತಾಸು ಅಂದವರು ಒಂಬತ್ತು ತಾಸು ಯಾಕೆ ಕೂತರು? ಅದು ಬರೀ ಚಟ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಪೋಕರ್ ಆಟದೊಳಗೇ ಅದಕ್ಕೆ ಒಂದು ಕಾರಣ ಇದೆ.

ಕೈಯಲ್ಲಿ ಎಲೆ ಹಂಚೋ ಟೇಬಲ್‌ನಲ್ಲಿ ತಾಸಿಗೆ ಸುಮಾರು 25-30 ಆಟ ನಡೀತವೆ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೆ ಎರಡೆರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿ ಐದು. ನಿಮಗೆ ಎರಡೂ ಎಕ್ಕ ಬರೋ ಸಾಧ್ಯತೆ 221ರಲ್ಲಿ ಒಂದು ಸಲ. ಅಂದರೆ ಆ ಒಳ್ಳೇ ಜೋಡಿಗೆ ಸರಾಸರಿ ಏಳೆಂಟು ತಾಸು ಕಾಯಬೇಕು. ಶಿಸ್ತಿನ ಆಟಗಾರ ಐದರಲ್ಲಿ ನಾಲ್ಕು ಸಲ ಎಲೆ ನೋಡಿ ಕೆಳಗಿಟ್ಟು ಸುಮ್ಮನಾಗ್ತಾನೆ. ಸಿನಿಮಾದಲ್ಲಿ ತೋರಿಸೋ ಪೋಕರ್ ಬೇರೆ. ನಿಜವಾದ ಪೋಕರ್‌ನ ಮುಕ್ಕಾಲು ಪಾಲು ಕಾಯೋದೇ.

ಇನ್ನೊಂದು ವಿಷಯ ಇದೆ. ಒಂದು ರಾತ್ರಿ ಗೆದ್ದರೆ ನೀವು ಜಾಣರು ಅಂತ ಅಲ್ಲ, ಸೋತರೆ ದಡ್ಡರು ಅಂತಲೂ ಅಲ್ಲ. ಹತ್ತು ತಾಸಿಗೆ ಮುನ್ನೂರು ಆಟ, ಅದರಲ್ಲಿ ನೀವು ಆಡೋದು ಅರವತ್ತು. ಅಷ್ಟರಲ್ಲಿ ಅದೃಷ್ಟದ ಏರಿಳಿತವೇ ಜಾಸ್ತಿ. ಕೌಶಲ ಲೆಕ್ಕದಲ್ಲಿ ಕಾಣಬೇಕಂದ್ರೆ ನೂರಾರು ತಾಸು ಬೇಕು. ಅದಕ್ಕೇ ಮಾಮಾನ ಬಾಯಲ್ಲಿ ಯಾವಾಗಲೂ ಒಂದೇ ಮಾತು, "ಲಾಂಗ್ ರನ್." ಇವತ್ತಿಂದು ನೋಡಬೇಡಿ, ವರ್ಷದ್ದು ನೋಡಿ. ಟೇಬಲ್‌ನಲ್ಲಿ ಕಡಿಮೆ ಗೊತ್ತಿರೋ ಜನ ಕೂತಿದ್ರೆ ಎದ್ದು ಬರೋದೇ ನಷ್ಟ. "ಟೇಬಲ್ ಚಲೋ ಐತಿ" ಅಂದ್ರೆ ಅದೇ ಅರ್ಥ.

ಈ ತರ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ: ಪೋಕರ್‌ಗೆ ಲಾಂಗ್ ರನ್ ಇದೆ, ಸೂಟಿಗೆ ಇಲ್ಲ. ಅಕ್ಕನ ಹತ್ರ ಇದ್ದದ್ದು ಮೂರೇ ದಿನ. ಅವತ್ತಿನ ಸಂಜೆ ಹೋದರೆ ಸರಾಸರಿಯಲ್ಲಿ ಅದು ವಾಪಸ್ ಬರಲ್ಲ.

6/8

ಶನಿವಾರ ಮಾಮಾ ಎದ್ದಾಗ ಮಧ್ಯಾಹ್ನ ಎರಡು. ಗೆದ್ದ ಖುಷಿ ಮುಖದ ಮೇಲೇ ಇತ್ತು. ಒಳ್ಳೇ ಮೀನೂಟ ಕೊಡಿಸಿದರು (ನನಗೆ, ಅಕ್ಕನಿಗೆ ವೆಜ್ ಥಾಲಿ, ಬಿಡಿ). ಸಂಜೆ ಅಕ್ಕ ಹೇಳಿದಳು: "ಇವತ್ತು ನಾನೂ ಬರ್ತೀನಿ. ಏನೈತಿ ಅಲ್ಲೆ ನೋಡೂಣು."

ನಾನು ಅವರನ್ನ ದಂಡೆವರೆಗೆ ಬಿಟ್ಟು ವಾಪಸ್ ಬಂದೆ. ಮುಂದಿನದೆಲ್ಲ ಅಕ್ಕ ಹೇಳಿದ್ದು.

ಒಳಗೆ ಹೋದ ತಕ್ಷಣ ಅವಳು ಹುಡುಕಿದ್ದು ಗಡಿಯಾರ. ಬ್ಯಾಂಕಿನಲ್ಲಿ ಕೂತು ಕೂತು ಆ ಅಭ್ಯಾಸ. ಒಂದೂ ಕಾಣಲಿಲ್ಲ. ಕಿಟಕಿಗೂ ಪರದೆ. ಅವಳ ಪ್ಯಾಕೇಜಿನ ಚಿಪ್ಸ್ ತಗೊಂಡು ರೂಲೆಟ್‌ನಲ್ಲಿ ಹುಟ್ಟಿದ ದಿನದ ನಂಬರ್‌ಗಳ ಮೇಲೆ ಇಟ್ಟಳು, ಇಪ್ಪತ್ತು ನಿಮಿಷದಲ್ಲಿ ಮುಗೀತು. "ಮಜಾ ಬಂತು, ಸುಳ್ಳ್ಯಾಕ ಹೇಳ್ಲಿ" ಅಂದಳು. ಡಾನ್ಸ್ ನೋಡಿದಳು, ಊಟ ಮಾಡಿದಳು. ಹತ್ತು ಗಂಟೆಗೆ ಎಲ್ಲಾ ಮುಗಿದು ಪೋಕರ್ ರೂಮಿನ ಹತ್ರ ಹೋಗಿ ನಿಂತಳು.

ಅಲ್ಲಿ ಒಂದು ಸೋಫಾ. ಆಗಲೇ ಮೂವರು ಹೆಂಗಸರು ಕೂತಿದ್ರಂತೆ. ಒಬ್ಬರು ಫೋನ್ ನೋಡ್ತಾ, ಒಬ್ಬರು ಚಪ್ಪಲಿ ಬಿಚ್ಚಿ ಕಾಲು ಮಡಚಿ ನಿದ್ದೆ ಹೋಗಿ. ಮೂರನೆಯವರು ಇವಳನ್ನ ನೋಡಿ ಸರಿದು ಜಾಗ ಕೊಟ್ಟರು. ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಮಾಮಾ ಕಾಣ್ತಿದ್ದರು. ಎಲೆ ನೋಡೋದು, ಕೆಳಗಿಡೋದು, ಸುಮ್ಮನೆ ಕೂರೋದು. ಎದುರಿಗಿದ್ದವನು ಚಿಪ್ಸ್ ಹೇಗೆ ಹಿಡೀತಾನೆ, ಯಾವಾಗ ನೀರು ಕುಡೀತಾನೆ, ಎಲ್ಲ ಗಮನಿಸ್ತಾ ಇದ್ದರು. "ಮೂರು ತಾಸು ನೋಡಿದೆ. ಅಷ್ಟು ಶಾಂತ, ಅಷ್ಟು ಲಕ್ಷ್ಯ ಕೊಟ್ಟು ಮಂದಿನ್ನ ನೋಡೂದು ನಾ ಮನ್ಯಾಗ ಕಂಡೇ ಇಲ್ಲ" ಅಂದಳು ಅಕ್ಕ. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಾ ಅಲ್ಲೇ ಕುಂತೀನಂತ ಒಮ್ಮೆ ಹೊಳ್ಳಿ ನೋಡಿದ್ರ, ಅಷ್ಟ" ಅಂದಳು.

ಒಂದು ಗಂಟೆಗೆ ಬೋಟ್ ಹತ್ತಿ ಒಬ್ಬಳೇ ಬಂದಳು. ಮಾಮಾ ಬಂದಿದ್ದು ಮೂರಕ್ಕೆ.

7/8

ಈಗ ಖಾತೆ ಬರೆಯೋಣ.

ದುಡ್ಡಿನ ಕಡೆ: ಮೊದಲ ರಾತ್ರಿ 31,000 ಲಾಭ, ಎರಡನೇ ರಾತ್ರಿ 9,000 ನಷ್ಟ. ನಿವ್ವಳ 22,000. ಹೋಟೆಲ್, ಪೆಟ್ರೋಲ್, ಊಟ, ಹಡಗಿನ ಪ್ಯಾಕೇಜ್ ಎಲ್ಲ ಸೇರಿ ಖರ್ಚು 26,000 (ಮಾಮಾ ತಿದ್ದಿದ್ದು ಇದನ್ನೇ, ನಾನು 24 ಅಂದಿದ್ದೆ). ಅಂದರೆ ಮೂರು ಜನರ ಗೋವಾ ಟ್ರಿಪ್ 4,000 ರೂಪಾಯಿಗೆ. "ಟ್ರಿಪ್ ಫುಕಟ್ ಆದಂಗ ಆತು" ಅಂತ ಮಾಮಾ.

ಇಲ್ಲಿ ಒಂದು ಸಾಲು ಬಿಟ್ಟುಹೋಗ್ತದೆ. ತೆರಿಗೆ. 1961ರ ಆದಾಯ ತೆರಿಗೆ ಕಾನೂನಿನ 115ಬಿಬಿ ಸೆಕ್ಷನ್ ಓದಿದೀವಲ್ಲ: ಲಾಟರಿ, ಇಸ್ಪೀಟು, ಬೆಟ್ಟಿಂಗ್ ಗೆಲುವಿಗೆ ನೇರ 30%, ಮೇಲೆ 4% ಸೆಸ್, ಒಟ್ಟು 31.2%. ಖರ್ಚು ಕಳೆಯೋಕೆ ಬಿಡಲ್ಲ, ಸೋತಿದ್ದನ್ನ ಗೆದ್ದಿದ್ದರ ಜೊತೆ ಹೊಂದಿಸೋಕೂ ಬಿಡಲ್ಲ. ಒಂದು ದಿನ 50,000 ಗೆದ್ದು ಇನ್ನೊಂದು ದಿನ 50,000 ಸೋತರೆ ಕೈಯಲ್ಲಿ ಸೊನ್ನೆ, ಆದರೂ ತೆರಿಗೆ 15,600. ಇದಲ್ಲದೆ ಚಿಪ್ಸ್ ಕೊಳ್ಳೋಕೆ ಕೊಡೋ ದುಡ್ಡಿನ ಮೇಲೆ ಜಿಎಸ್‌ಟಿ. 2023ರ ಅಕ್ಟೋಬರ್‌ನಿಂದ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 40%. ಪೋಕರ್ ಕೌಶಲದ ಆಟ ಅನ್ನೋ ವಾದವನ್ನ ಕರ್ನಾಟಕ ಹೈಕೋರ್ಟ್ 2013ರಲ್ಲೇ ಒಪ್ಪಿದೆ ಅಂತ ಮಾಮಾ ಹೇಳ್ತಿರ್ತಾರೆ. ಇರಬಹುದು, ಆದರೆ ತೆರಿಗೆಯವರು ನಿಮ್ಮ ಕೌಶಲ ಕೇಳಲ್ಲ.

ಸಮಯದ ಕಡೆ: ಶುಕ್ರವಾರ ಮೂರರಿಂದ ಭಾನುವಾರ ಮೂರರವರೆಗೆ 48 ತಾಸು. ಮಾಮಾ ಹಡಗಿನಲ್ಲಿ 16, ನಿದ್ದೆ 14, ಉಳಿದದ್ದು 18. ಹದಿನೆಂಟು ಕಡಿಮೆ ಏನಲ್ಲ ಅನ್ಸುತ್ತಲ್ಲ? ನನಗೂ ಅನ್ನಿಸ್ತು. ಆದರೆ ಎರಡು ರಾತ್ರಿಯೂ ಹೋದವು, ಒಂದು ಬೆಳಗ್ಗೆ ಪೂರ್ತಿ ಹೋಯ್ತು. ಅಕ್ಕ ಎಚ್ಚರ ಇದ್ದಾಗ ಮಾಮಾ ನಿದ್ದೆ, ಮಾಮಾ ಹುರುಪಿನಲ್ಲಿದ್ದಾಗ ಅಕ್ಕ ಕಿಟಕಿ ಹತ್ರ.

ಸೋತಿದ್ರೆ ಮಾತು ಸುಲಭ ಇತ್ತು. ಎಲ್ಲರೂ ಮಾಮಾನಿಗೇ ಬೈತಿದ್ರು. ಗೆದ್ದು ಬಂದವರಿಗೆ ಏನಂತ ಹೇಳೋದು? ನಮ್ಮ ಮನೆಯಲ್ಲೂ ಹಾಗೇ ಆಯ್ತು. ದೊಡ್ಡವ್ವ ಕೇಳಿದ್ದು, "ರೊಕ್ಕ ಹೋಗಿಲ್ಲಲ್ಲ? ಮತ್ತ್ಯಾಕ ಮುಖ ಸಣ್ಣ ಮಾಡಿ?"

8/8

ಭಾನುವಾರ ಹತ್ತರಿಂದ ಮೂರು, ಹಳೇ ಗೋವಾ. ಅಲ್ಲಿ ಮಾಮಾ ಬೇರೇನೇ ಮನುಷ್ಯ. ಬ್ಯಾಗ್ ಹೊತ್ತರು, ಚರ್ಚಿನ ಮುಂದೆ ಅಕ್ಕನ ಫೋಟೋ ಇಪ್ಪತ್ತು ಸಲ ತೆಗೆದರು, ನಮ್ಮನ್ನ ನಗಿಸಿ ನಗಿಸಿ ಸುಸ್ತು ಮಾಡಿದರು. ಅಕ್ಕ ಮಾತು ತೆಗೆದಿದ್ದು ಅಲ್ಲೇ, ನಗ್ತಾನೇ.

"ಧರ್ಮರಾಯ ಹೆಂಡ್ತೀನ್ನ ಪಣಕ್ಕಿಟ್ಟ. ನೀವು ಹೆಂಡ್ತಿ ಸೂಟೀನ್ನ ಪಣಕ್ಕಿಟ್ರಿ. ಗೆದ್ರಿ, ಖರೆ. ಆದ್ರ ಸೂಟಿ ಹೊಳ್ಳಿ ಬರಲಿಲ್ಲಲ್ರೀ."

ಮಾಮಾ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಅಕ್ಕ ಜಗಳ ಮಾಡಲಿಲ್ಲ, ಆಟ ಬಿಡಿ ಅಂತಲೂ ಕೇಳಲಿಲ್ಲ. ಕೇಳಿದ್ದು ಒಂದೇ: "ಒಂದ್ ರಾತ್ರಿಗೆ ಇಷ್ಟ ರೊಕ್ಕ ಅಂತ ಲಿಮಿಟ್ ಹಾಕ್ಕೋತೀರಲ್ಲ, ತಾಸಿಗೂ ಹಾಕ್ಕೋರಿ. ಮೂರಂದ್ರ ಮೂರು."

ವಾಪಸ್ ಬರ್ತಾ ಕಾರಿನಲ್ಲೇ ಒಪ್ಪಂದ ಆಯ್ತು, ಸಾಕ್ಷಿ ನಾನು. ಪೋಕರ್‌ಗೆ ಹೋಗೋದಾದ್ರೆ ಗೆಳೆಯರ ಜೊತೆ ಬೇರೆ ಟ್ರಿಪ್, ಬೇರೆ ಖಾತೆಯ ದುಡ್ಡು, ಅದನ್ನ ಸೂಟಿ ಅಂತ ಕರೆಯೋ ಹಾಗಿಲ್ಲ. ಇಬ್ಬರೂ ಹೋಗೋ ಸೂಟಿಗೆ ಟೇಬಲ್ ಇರೋ ಊರು ಬೇಡ. ಹೋಗಲೇಬೇಕಾದ್ರೆ ಒಂದೇ ಸಂಜೆ, ಹನ್ನೆರಡಕ್ಕೆ ವಾಪಸ್. ನಡೀತಾ ಇದೆಯಾ ಅಂದ್ರೆ, ಇಲ್ಲಿವರೆಗೆ ಮಾಮಾ ಒಂದು ಸಲ ಗೆಳೆಯರ ಜೊತೆ ಹೋಗಿ ಬಂದಿದಾರೆ, ಅಕ್ಕ ಆ ಎರಡು ರಾತ್ರಿ ಅಮ್ಮನ ಮನೆಯಲ್ಲಿ ಆರಾಮಾಗಿ ಮಲಗಿದಾಳೆ. ಮುಂದಿನದು ನೋಡಬೇಕು. ಒಪ್ಪಂದಕ್ಕೂ ಲಾಂಗ್ ರನ್ ಬೇಕಲ್ಲ.

ನಮ್ಮ ಬ್ಯಾಚಿನವರಿಗೆ ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಫೈನಲ್ ಇಯರ್ ಗೋವಾ ಟ್ರಿಪ್ ಪ್ಲಾನ್ ಗ್ರೂಪಿನಲ್ಲಿ ಶುರುವಾಗಿದೆ, ಮತ್ತೆ 21 ತುಂಬಿದವರು ಹಡಗಿನ ಮಾತು ಎತ್ತಿದಾರೆ. ಹೋಗಬೇಡಿ ಅನ್ನೋಕೆ ನಾನ್ಯಾರು? ಹೋಗೋರು ಎಷ್ಟು ದುಡ್ಡು, ಎಷ್ಟು ಹೊತ್ತಿಗೆ ವಾಪಸ್ ಅಂತ ಹತ್ತೋಕೆ ಮುಂಚೆ ದಂಡೆ ಮೇಲೆ ನಿಂತೇ ಹೇಳಿ. ಕೆಳಗೆ ಕಾಯೋರು ಇದ್ರೆ ಅವರ ಮುಂದೆ ಹೇಳಿ. ಆಡದೇ ಇರೋಕೆ ಆಗ್ತಾ ಇಲ್ಲ, ಸಾಲ ಆಗ್ತಿದೆ ಅನ್ನೋರು ಯಾರಾದ್ರೂ ಇದನ್ನ ಓದ್ತಿದ್ರೆ, ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡು ಕೇಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಈಗ ನೀವು ಹೇಳಿ. ನಿಮ್ಮ ಮನೆಯಲ್ಲಿ ಯಾರ ಹವ್ಯಾಸಕ್ಕೆ ಯಾರು ಕಾಯ್ತಾ ಕೂತಿರ್ತಾರೆ? ಕ್ರಿಕೆಟ್ ಇರಲಿ, ಶೇರ್ ಮಾರ್ಕೆಟ್ ಇರಲಿ, ರೀಲ್ಸ್ ಇರಲಿ. ಕಾಮೆಂಟ್‌ನಲ್ಲಿ ಬರೀರಿ. ಅಕ್ಕ ಎಲ್ಲಾ ಓದ್ತಾಳೆ, ಮಾಮಾನೂ.

#ಮಾಂಡೋವಿದಂಡೆ #ಸೂಟಿಯಲೆಕ್ಕ #ಹುಬ್ಬಳ್ಳಿಹುಡುಗಿ #ಬಿಕಾಂಡೈರಿ